ಶೇಷ

ಕಸಬಾ ಪೇಠಿನ ತಾಂಬಟ ಆಳಿಗೆ ಹೋಗುವ ಮೊದಲು
ಮೂರು ರಾತ್ರಿ ನಾನು ಮಲಗಿರಲಿಲ್ಲ.
ದತ್ತೋಬಾ ವಡಕೆಗೆ ಇದನ್ನೆಲ್ಲ ಹೇಳಲಿಲ್ಲ.
ಒಂದು ತಾಮ್ರದ ಕೊಡ ಬೇಕು ಅಂದೆ, ಅಷ್ಟೆ.

ಎಲ್ಲೋ, ಹೆಸರಿಡದ ಗ್ಯಾಲಕ್ಸಿಯೊಂದರ ಬಗಲಲ್ಲಿ
ಎರಡು ಕಪ್ಪುಕುಳಿಗಳು ಒಂದನ್ನೊಂದು ಸುತ್ತಿ ಸುತ್ತಿ
ಒಂದಾಗಿದ್ದವು.
ಆಗ ಇಲ್ಲಿ ಮೀನೂ ಹುಟ್ಟಿರಲಿಲ್ಲ.
ಆ ನಡುಕ ಮೊನ್ನೆ ಮಂಗಳವಾರ ನಮ್ಮನ್ನು ದಾಟಿ ಹೋಯಿತು.
ಗಣೇಶಖಿಂಡದ ಸಿಗ್ನಲ್ಲಿನಲ್ಲಿ ಗೊಣಗುತ್ತ ನಿಂತವರನ್ನೂ
ಅವರ ಹೆಲ್ಮೆಟ್ಟುಗಳನ್ನೂ
ಪರಮಾಣುವಿನ ಬೀಜಕ್ಕಿಂತ ಎಷ್ಟೋ ಕಡಿಮೆ
ಹಿಗ್ಗಿಸಿ, ಕುಗ್ಗಿಸಿ,
ಯಾರಿಗೂ ಹೇಳದೆ.

ನನ್ನ ಕೆಲಸ ಕಳೆಯುವುದು.
ಉಪಕರಣ ಕೇಳಿಸಿಕೊಂಡದ್ದರಿಂದ
ಸಿದ್ಧಾಂತ ಹೇಳಿದ್ದನ್ನು ಕಳೆ.
ಉಳಿದದ್ದು ಶೇಷ.
ನೂರು ವರ್ಷದ ಸಮೀಕರಣ ಸರಿಯಿದ್ದರೆ
ಅದು ಬರೀ ಗದ್ದಲ: ಕಡಲು, ಗಾಳಿ, ಹೆದ್ದಾರಿಯ ಲಾರಿ.
ತಪ್ಪಿದ್ದರೆ
ಗದ್ದಲದೊಳಗೆ ಒಂದು ಆಕಾರ.

ಶೇಷ ಎಂದಾಗಲೆಲ್ಲ ಅಕ್ಕಲಕೋಟೆಯ ಅಜ್ಜಿ.
ಕಿಲ್ಲಾರಿ ನಡುಗಿದ ನಸುಕಿನಲ್ಲಿ
ಬೀದಿಯಲ್ಲಿ ಕಂಬಳಿ ಹೊದ್ದು ಕೂತು ಅಂದಿದ್ದಳು:
“ಹೆಡಿ ಬದಲಿಸ್ಯಾನ ತಗೋ. ಅವಗೂ ಸಾಕಾಗಿರತೈತಿ.”
ಭಾರ ಅಂದರೇನೆಂದು
ನನಗೆ ಮೊದಲು ಹೇಳಿಕೊಟ್ಟವಳು.

ಈ ಸಲ ಶೇಷದಲ್ಲಿ ಆಕಾರವಿತ್ತು.
ತೋಂಬಾ ತೋರಿಸಿದ. ಇಬ್ಬರ ಚಹಾವೂ ಆರಿತು.
ಒಂದಾದ ಕಪ್ಪುಕುಳಿ ಗಂಟೆಯ ಹಾಗೆ ಕೆಲಹೊತ್ತು ಅನುರಣಿಸುತ್ತದೆ,
ಕೆಲಹೊತ್ತೆಂದರೆ ರೆಪ್ಪೆ ಬಡಿಯುವುದರೊಳಗೆ ಮುಗಿಯುವಷ್ಟು.
ಅದರ ಎರಡು ಸ್ವರಗಳನ್ನು ಬಿಡಿಸಿ ಕೇಳಿದರೆ
ಎರಡೂ ಒಂದೇ ತೂಕ, ಒಂದೇ ತಿರುಗಣೆ ಹೇಳಬೇಕು,
ಬೇರೆ ಬೇರೆ ಕೋಣೆಯಲ್ಲಿ ಕೂಡಿಸಿ ಕೇಳಿದ ಸಾಕ್ಷಿಗಳಂತೆ.
ನಮ್ಮ ಎರಡನೆಯದು ಬೇರೆ ಹೇಳುತ್ತಿತ್ತು.
ತುಸುವೇ. ಆದರೂ ಬೇರೆ.

ಮಾತು ಮೆಲ್ಲಗಾಯಿತು,
ಮೂರು ತಿಂಗಳು ತುಂಬದ ಬಸುರನ್ನು ಮನೆಯಲ್ಲಿ ಆಡುವ ಹಾಗೆ.
ಆಸೆಪಟ್ಟೆ, ಒಪ್ಪುತ್ತೇನೆ:
ಅಷ್ಟು ನುಣ್ಣಗಿನ ಸಿದ್ಧಾಂತದಲ್ಲಿ ಒಂದು ಬಿರುಕು
ನನ್ನ ಉಗುರಿಗೇ ತಾಗಲಿ ಎಂದು.

ಮೂರನೆಯ ಬೆಳಗಿನ ಐದೂಕಾಲಿಗೆ ಗೊತ್ತಾಯಿತು.
ದಾರಿ ತಪ್ಪಿ ಗೋಡೆಗೆ ಬಡಿದು ಮರಳಿ ಬಂದ ಬೆಳಕು.
ಒಂದೇ ಉಪಕರಣದಲ್ಲಿ; ಇನ್ನೊಂದರಲ್ಲಿ ಸುಳಿವೂ ಇಲ್ಲ.
ಅಲ್ಲಿ ಅಂದು ಕಡಲು ಜೋರಿತ್ತಂತೆ,
ನೆಲ ತೂಗುತ್ತಿತ್ತಂತೆ.
ತೋಂಬಾ ನಕ್ಕ.
ನಾನು ಮುಖ ತೊಳೆಯಲು ಹೋಗಿ
ನಲ್ಲಿ ಬಿಟ್ಟುಕೊಂಡು ಸುಮ್ಮನೆ ನಿಂತೆ.

ಬದಲಾವಣೆಯ ಮಿತಿಯೊಳಗೆ ಸೊನ್ನೆಯೂ ಇದೆ
ಎಂದು ಬರೆದೆವು. ಸಿದ್ಧಾಂತಕ್ಕೆ ಏನೂ ಆಗಲಿಲ್ಲ.

ದತ್ತೋಬಾ ಕೊಡವನ್ನು ಮೂರು ಬೆರಳ ಮೇಲೆ ನಿಲ್ಲಿಸಿ
ಗೆಣ್ಣಿನಿಂದ ಬಾರಿಸಿದ.
ತಲೆ ವಾಲಿಸಿ, ಸದ್ದು ಸಾಯುವ ತನಕ ಕಾದ.
ಸುತ್ತ ಆರು ಅಂಗಡಿಗಳ ಸುತ್ತಿಗೆ.
ಇದರ ನಡುವೆ ಹೇಗೆ ಕೇಳಿಸುತ್ತದೆ, ಅಂದೆ.
“ಅವು ಬೇರೆಯವರ ಕೊಡ,” ಅಂದ ಮರಾಠಿಯಲ್ಲಿ.

ನಲವತ್ತು ವರ್ಷದಲ್ಲಿ ಎಷ್ಟು ಒಡಕು ಸಿಕ್ಕವು?
ಅವನು ಮೇಲೆ ನೋಡಿ ಲೆಕ್ಕ ಹಾಕಿದ. ಅಪ್ಪ ಮಾಡಿದ್ದು ಎರಡು.
ತನ್ನದು ಒಂದೂ ಇಲ್ಲ.
ಮತ್ತೆ ಪ್ರತಿಯೊಂದನ್ನೂ ಯಾಕೆ ಬಾರಿಸುತ್ತೀರಿ?
ಅನ್ನವನ್ನು ಯಾಕೆ ಅಗಿಯುತ್ತೀರಿ ಎಂದು ಕೇಳಿದವಳನ್ನು
ನೋಡುವ ಹಾಗೆ ನೋಡಿದ.
ಹಳೇ ಸಕಾಳ್ ಪೇಪರಿನಲ್ಲಿ ಸುತ್ತಿಕೊಟ್ಟ.
ನೆಗ್ಗಿದ ಅಂಚಿಗೆ ಐವತ್ತು ರೂಪಾಯಿ ಬಿಟ್ಟ,
ನಾನಿನ್ನೂ ನೆಗ್ಗು ನೋಡಿರಲಿಲ್ಲ.

ರಿಕ್ಷಾದಲ್ಲಿ ಕೊಡ ತೊಡೆಯ ಮೇಲೆ.
ಎಂಜಿನ್ನಿನ ನಡುಕಕ್ಕೆ ಅದು ಸಣ್ಣಗೆ ಗುಂಯ್‌ಗುಡುತ್ತಿತ್ತು.
ಶನಿವಾರವಾಡೆಯ ತಿರುವಿನಲ್ಲಿ ಫೋನು:
ಹೊಸದೊಂದು ಬಂದಿದೆ, ಜೋರಾಗಿಯೇ ಇದೆ, ಎಲ್ಲಿದ್ದೀ?
ಒಂದು ಅಂಗೈಯಿಂದ ಕೊಡದ ಬಾಯಿ ಮುಚ್ಚಿ
ಇನ್ನೊಮ್ಮೆ ಓದಿದೆ.